ಅರವತ್ತೊಂದು ನೂರಹನ್ನೆರಡಾದ ಬಗೆ

ಒಂದೇ ಸಾಲಿನ ಪ್ರೋಗ್ರಾಮು ಅದು. ಎಡಗಡೆಯ ಪಟ್ಟಿಯಲ್ಲಿ ಇರುವುದನ್ನು ಹುಡುಕು, ಸಿಕ್ಕ ಕಡೆಯಲ್ಲೆಲ್ಲ ಅದನ್ನು ತೆಗೆದು ಬಲಗಡೆಯದನ್ನು ಇಡು. ಅಷ್ಟೇ. ಪಿಎಚ್‌ಪಿ ಕಲಿಯುವವರು ಮೊದಲ ವಾರದಲ್ಲೇ ಬರೆದು ಬಿಸಾಕುವಂಥದ್ದು. ನಾನೂ ಹಾಗೆಯೇ ಬರೆದು ಬಿಸಾಕಿದೆ. ಅದರಿಂದ ಒಬ್ಬ ಹೆಂಗಸಿನ ಬಾಳು ಕೆಟ್ಟಿತು ಅಂದರೆ ನನ್ನ ಗಂಡ ನಗುತ್ತಾರೆ, ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುವುದು ನಿನ್ನ ಚಾಳಿ ಅನ್ನುತ್ತಾರೆ. ಅವರು ಆ ಪಟ್ಟಿಯನ್ನು ನೋಡಿಲ್ಲ. ನಾನು ನೋಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿಡದಿಯ ಸುತ್ತ ರಾಗಿ ಹೊಲಗಳ ಮಧ್ಯೆ ಕಾರ್ಖಾನೆಗಳ ತಗಡಿನ ಚಾವಣಿಗಳು ಏಳುತ್ತಿದ್ದ ಕಾಲ. ನಾನು ಚನ್ನಪಟ್ಟಣದಲ್ಲಿ, ಎರಡು ಗೊಂಬೆ ಅಂಗಡಿಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಜೆರಾಕ್ಸ್ ನೋಟ್ಸು ಓದಿ ಆರು ತಿಂಗಳ ಕೋರ್ಸು ಮುಗಿಸಿದ್ದೆ. ಬಿಡದಿಯಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಅಲ್ಲಿಂದ ದಿನಾ ಬಸ್ಸು ಹಿಡಿದು ರಾಮನಗರದ ಒಂದು ಕಂಪ್ಯೂಟರ್ ಸೆಂಟರಿಗೆ ಕೆಲಸಕ್ಕೆ ಬರುತ್ತಿದ್ದೆ. ಕೆಳಗೆ ರೇಷ್ಮೆ ನೂಲು ಬಿಚ್ಚುವ ಶೆಡ್ಡು, ಮೇಲೆ ನಾವು. ಎರಡೂ ಒಂದೇ ಮನೆಯವರದು. ಅಣ್ಣ ಕೆಳಗೆ ಗೂಡು ಬೇಯಿಸಿ ನೂಲು ತೆಗೆಸುತ್ತಿದ್ದರು, ತಮ್ಮ ಮೇಲೆ ಮೂರು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗು, ಪ್ರಿಂಟು, ಆಮೇಲಾಮೇಲೆ ವೆಬ್ ಪುಟಗಳು ಅಂತ ನಡೆಸುತ್ತಿದ್ದರು. ಈ ತಮ್ಮನನ್ನು ನಾನು ಸಾಹೇಬರು ಅನ್ನುತ್ತಿದ್ದೆ. ಬೆಂದ ಗೂಡಿನ ನಾತ ನಮ್ಮ ಕೀಬೋರ್ಡಿಗೂ ಹತ್ತಿತ್ತು. ಮನೆಗೆ ಹೋದರೆ ಅಮ್ಮ ಮೂಗು ಮುಚ್ಚಿಕೊಂಡು, ಕಂಪ್ಯೂಟರ್ ಕೆಲಸ ಅಂತೀಯ, ಇದೇನೇ ವಾಸನೆ ಅನ್ನುತ್ತಿದ್ದಳು.

ಅಕ್ಕ ಕೆಳಗಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ನನ್ನ ಒಡಹುಟ್ಟಿದವಳಲ್ಲ. ನಮ್ಮ ಊರಿಗೂ ಬಿಡದಿಗೂ ನಡುವಿನ ಊರಿನವಳು, ಅದೇ ಬಸ್ಸಿಗೆ ಹತ್ತುತ್ತಿದ್ದವಳು, ಸಂಜೆ ವಾಪಸ್ಸು ಬರುವಾಗ ನನಗೆ ಸೀಟು ಹಿಡಿಯುತ್ತಿದ್ದವಳು. ಹಾಗಾಗಿ ಅಕ್ಕ. ಅವಳನ್ನು ಕನಕಪುರದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಎಡಗೈ ಮೊಣಕೈ ಹತ್ತಿರ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿದಾಗ ನೋಡಿ ಕೇಳಿದೆ. 'ನಮ್ ಯಜಮಾನ್ರು' ಅಂದಳು, ಸೆರಗು ಎಳೆದು ಮೊಣಕೈ ಮುಚ್ಚಿಕೊಂಡಳು. ಮಕ್ಕಳಿರಲಿಲ್ಲ. ನಾಲ್ಕು ವರ್ಷದಿಂದ ಅಣ್ಣನ ಮನೆಯಲ್ಲಿದ್ದಳು. ಅಪ್ಪ ತೀರಿಕೊಂಡಿದ್ದರು. ದಿನವಿಡೀ ಬಿಸಿನೀರಿನ ಬೇಸಿನ್ನಿನಲ್ಲಿ ಕೈ ಅದ್ದಿ ಅದ್ದಿ ಬೆರಳ ತುದಿಗಳು ಚರ್ಮ ಸುಲಿದು ಬೆಳ್ಳಗಾಗಿದ್ದವು.

ಆ ಊರಿನ ಹೊಲಗಳು ಕಾರ್ಖಾನೆಗೆ ಹೋಗಿದ್ದವು. ಭೂಮಿ ಕೊಟ್ಟ ಮನೆಗೊಂದು ಕೆಲಸ ಅನ್ನುವ ಮಾತಾಗಿತ್ತು. ಮನೆಯವರು ಯಾರನ್ನು ಬೇಕಾದರೂ ಕಳಿಸಬಹುದು, ಆದರೆ ಇಪ್ಪತ್ತೆಂಟು ದಾಟಿರಬಾರದು. ಅಕ್ಕನ ಅಣ್ಣನಿಗೆ ವಯಸ್ಸು ಮೀರಿತ್ತು, ಅವನ ಮಕ್ಕಳು ಇನ್ನೂ ಸ್ಲೇಟು ಹಿಡಿಯುತ್ತಿದ್ದವು. ಹಾಗಾಗಿ ನೀನೇ ಹೋಗವ್ವ ಅಂತ ಅಣ್ಣ ಹೇಳಿದ್ದ. ಅವಳಿಗೆ ಆಗ ಇಪ್ಪತ್ತೇಳು ತುಂಬಿ ನಾಲ್ಕೈದು ತಿಂಗಳಾಗಿತ್ತು. ಆ ಕೆಲಸ ಸಿಕ್ಕರೆ ಅವಳು ಅಣ್ಣನ ಮನೆಯಲ್ಲಿ ತಲೆಯೆತ್ತಿಕೊಂಡು ಉಳಿಯುತ್ತಾಳೆ, ಸಿಗದಿದ್ದರೆ ಇವತ್ತಲ್ಲ ನಾಳೆ ಕನಕಪುರಕ್ಕೆ ವಾಪಸ್ಸು. ಅತ್ತಿಗೆ ಇದನ್ನು ಬಾಯಿಬಿಟ್ಟೇ ಹೇಳುತ್ತಿದ್ದಳು. ಬಸ್ಸಿನಲ್ಲಿ ಅಕ್ಕ ಯೂನಿಫಾರಂ ಬಗ್ಗೆ ಮಾತಾಡುತ್ತಿದ್ದಳು. ಪ್ಯಾಂಟು ಹಾಕಬೇಕಂತೆ, ಅದನ್ನು ಹಾಕಿಕೊಂಡು ಊರೊಳಗೆ ಹೇಗೆ ನಡೆಯೋದು ಅಂತ ನಗುತ್ತಿದ್ದಳು.

ಕಾರ್ಖಾನೆಗೆ ಜನ ಒದಗಿಸುವ ಗುತ್ತಿಗೆಯವರು ಆ ಪಟ್ಟಿಯ ಕೆಲಸವನ್ನು ನಮ್ಮ ಸೆಂಟರಿಗೇ ಕೊಟ್ಟರು. ಮನೆ ನಂಬರು ಒತ್ತಿದರೆ ಹೆಸರು ಕಾಣುವಂತೆ ಅದನ್ನು ಒಂದು ವೆಬ್ ಪುಟದಲ್ಲೂ ಹಾಕಬೇಕಿತ್ತು. ಊರಿನ ನೂರ ಮೂವತ್ತು ಚಿಲ್ಲರೆ ಮನೆಗಳ ಹೆಸರನ್ನು ಕೈಬರಹದ ಪುಸ್ತಕದಿಂದ ನಾನೇ ಟೈಪು ಮಾಡಿದೆ. ಒಂದು ಮನೆಗೆ ಒಂದು ಸಾಲು: ಭೂಮಿ ಕೊಟ್ಟವರ ಹೆಸರು, ಹಳೆಯ ಮನೆ ನಂಬರು, ಮೊದಲನೇ ಕಂತಿನ ಸಂದರ್ಶನವೋ ಎರಡನೇ ಕಂತೋ ಅನ್ನುವುದು. ನಂತರ ಅವರು ಇನ್ನೊಂದು ಹಾಳೆ ಕಳಿಸಿದರು. ಎಡಕ್ಕೆ ಹಳೆಯ ನಂಬರು, ಬಲಕ್ಕೆ ಹೊಸದು. ಹೊಸ ನಂಬರುಗಳನ್ನು ಸರ್ವೆಯವರು ಆಗಲೇ ಪ್ರತಿ ಮನೆಯ ಗೋಡೆಗೂ ಕೆಂಪು ಬಣ್ಣದಲ್ಲಿ ಬರೆದು ಹೋಗಿದ್ದರು. ಪಟ್ಟಿಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಕೈಯಲ್ಲಿ ಮಾಡಿದ್ದರೆ ಒಂದು ದಿನದ ಕೆಲಸ. ಕೋರ್ಸು ಮಾಡಿದವಳು ಕೈಯಲ್ಲಿ ಮಾಡುತ್ತಾಳೆಯೇ?

ಅದಕ್ಕೂ ಮೊದಲು ನಾನು ಇನ್ನೊಂದು ಕೆಲಸ ಮಾಡಿದ್ದೆ, ಯಾರೂ ಹೇಳದೆ, ನನ್ನ ಬುದ್ಧಿವಂತಿಕೆಯಿಂದಲೇ. ಆ ಊರಿನಲ್ಲಿ ಹಿರಿಮಗನಿಗೆ ತಾತನ ಹೆಸರಿಡುತ್ತಾರೆ, ತಾತನಿಗೆ ಊರ ದೇವರ ಹೆಸರು. ಹೀಗಾಗಿ ಪಟ್ಟಿಯ ಅರ್ಧದಷ್ಟು ಗಂಡಸರಿಗೆ ಒಂದೇ ಹೆಸರು. ಊರಿನವರಿಗೆ ಅದೊಂದು ತೊಂದರೆಯೇ ಅಲ್ಲ, ಮನೆಗೊಂದು ಅಡ್ಡಹೆಸರಿದೆ. ಅಕ್ಕನ ಮನೆ ಹುಣಸೇಮರದ ಮನೆ. ಇನ್ನೊಂದು ಬಾವಿ ಮನೆ, ಮತ್ತೊಂದು ಕುಂಟನ ಮನೆ. ಪುಸ್ತಕ ಬರೆದ ಹಿರಿಯರು ಪ್ರತಿ ಹೆಸರಿನ ಮುಂದೆಯೂ ಇದನ್ನು ಬರೆದಿದ್ದರು. ನನಗೆ ನಾಚಿಕೆಯಾಯಿತು. ಕುಂಟನ ಮನೆ ಅಂತ ಇಂಟರ್ನೆಟ್ಟಿನಲ್ಲಿ ಬಂದರೆ ನಮ್ಮ ಕಡೆಯ ಜನರನ್ನು ಓದಿದವರು ಏನೆಂದುಕೊಂಡಾರು? ಅಡ್ಡಹೆಸರುಗಳನ್ನೆಲ್ಲ ಎಡಗಡೆ ಇಟ್ಟು ಬಲಗಡೆ ಏನೂ ಇಡದೆ ಅದೇ ಸಾಲನ್ನು ಓಡಿಸಿದೆ. ಒಂದು ರೆಪ್ಪೆ ಬಡಿಯುವಷ್ಟರಲ್ಲಿ ಊರಿನ ಹುಣಸೇಮರ, ಬಾವಿ, ಕುಂಟ ಎಲ್ಲ ಅಳಿಸಿಹೋಗಿ ಪಟ್ಟಿ ನೀಟಾಯಿತು. ಎಷ್ಟು ಖುಷಿಪಟ್ಟಿದ್ದೆ!

ನಂಬರುಗಳನ್ನು ಬದಲಿಸಿದಾಗ ಮೊದಲ ಸಲ ಎಡವಟ್ಟಾಯಿತು. ಆರನೇ ನಂಬರಿಗೆ ಮೂವತ್ತೈದು ಅಂತಿತ್ತು. ಪ್ರೋಗ್ರಾಮು ಆರು ಕಂಡಲ್ಲೆಲ್ಲ ಮೂವತ್ತೈದು ತುರುಕಿತ್ತು, ಅರವತ್ತೊಂದರ ಹೊಟ್ಟೆಯೊಳಗಿನ ಆರನ್ನೂ ಬಿಡದೆ. ಅದು ಮುನ್ನೂರೈವತ್ತೊಂದಾಗಿ ಕೂತಿತ್ತು. ಊರಿನಲ್ಲಿ ಅಷ್ಟು ಮನೆಯೇ ಇಲ್ಲದ್ದರಿಂದ ಕಣ್ಣಿಗೆ ಹೊಡೆಯಿತು. ಒಂದು ಮಧ್ಯಾಹ್ನ ತಲೆ ಕೆರೆದುಕೊಂಡು, ಪಟ್ಟಿಯಲ್ಲಿ ಪ್ರತಿ ನಂಬರಿನ ಆಚೆ ಈಚೆ ಇದ್ದ ಕಾಮಾಗಳನ್ನೂ ಸೇರಿಸಿ ಹುಡುಕಿಸಿದೆ. ಆಗ ಆರು ಅಂದರೆ ಬರೀ ಆರು. ಮತ್ತೆ ಓಡಿಸಿದರೆ ಒಂದೂ ಅಸಂಬದ್ಧ ನಂಬರಿಲ್ಲ. ಸಾಹೇಬರನ್ನು ಕರೆದು ತೋರಿಸಿದೆ. 'ವಾಹ್, ಶಾಭಾಷ್ ಬೇಟಿ' ಅಂದು ಕೆಳಗಿನಿಂದ ಟೀ ತರಿಸಿದರು. ಒಂದು ತಪ್ಪು ಹಿಡಿದವಳಿಗೆ ಇನ್ನೊಂದು ತಪ್ಪು ಇರಬಹುದು ಅಂತ ಹೊಳೆಯುವುದೇ ಇಲ್ಲ. ಹಿಡಿದೆನಲ್ಲ ಅನ್ನುವ ಕೊಬ್ಬು.

ಪಟ್ಟಿಯಿಂದ ಮೊದಲ ಕಂತಿನ ಕಾರ್ಡುಗಳು ಅಚ್ಚಾದವು. ಕಾರ್ಡಿನ ಮೇಲೆ ಭೂಮಿ ಕೊಟ್ಟವರ ಹೆಸರು, ಹೊಸ ಮನೆ ನಂಬರು, ಸಂದರ್ಶನದ ದಿನ. ಪಂಚಾಯಿತಿಯ ಜವಾನ ಗೋಡೆಯ ಕೆಂಪು ನಂಬರು ನೋಡಿಕೊಂಡು ಹಂಚಿ ಬಂದ. ಅಕ್ಕನ ಮನೆ ಗೋಡೆಯ ಮೇಲೆ ಎಂಬತ್ತನಾಲ್ಕು ಅಂತಿತ್ತು. ಎಂಬತ್ತನಾಲ್ಕಕ್ಕೆ ಕಾರ್ಡು ಬರಲಿಲ್ಲ.

ಮರುದಿನ ಅವಳು ಬೇಸಿನ್ ಬಿಟ್ಟು ಮೆಟ್ಟಿಲು ಹತ್ತಿ ಮೇಲೆ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು.

'ನಮ್ದು ಮೊದಲ್ನೇ ಕಂತು ಅಂತ ನಮ್ಮಣ್ಣನ್ಗೆ ಹೇಳವ್ರೆ. ಒಸಿ ನೋಡವ್ವ, ಅದ್ರಲ್ಲಿ ಐತಾ?'

ಎಂಬತ್ತನಾಲ್ಕು ಒತ್ತಿದೆ. 'ಈ ಸಂಖ್ಯೆ ಪಟ್ಟಿಯಲ್ಲಿ ಇಲ್ಲ' ಅಂತ ಬಂತು. ಆ ವಾಕ್ಯವನ್ನು ಬರೆದವಳೂ ನಾನೇ. ಇನ್ನೂ ಎರಡು ಸಲ ಬಂದಳು, ಎರಡು ಸಲವೂ ಅದನ್ನೇ ಓದಿ ಹೇಳಿದೆ. ಅವಳ ಅಣ್ಣ ಗುತ್ತಿಗೆಯವರ ಆಫೀಸಿಗೂ ಹೋಗಿ ಕೇಳಿದ. ಅವರು ನೋಡಿದ್ದೂ ನಮ್ಮ ಪುಟವನ್ನೇ. ಮೂರನೇ ಸಲ ಬಂದಾಗ ಸಾಹೇಬರು ಇನ್ನೇನೋ ಅರ್ಜೆಂಟು ಕೆಲಸ ಕೊಟ್ಟಿದ್ದರು, ನನಗೆ ತಲೆ ಕೆಟ್ಟಿತ್ತು. ರೇಗಿದೆ.

'ಕಂಪ್ಯೂಟರ್ ತಾನಾಗಿ ಯಾಕಕ್ಕ ತೆಗೀತದೆ? ನಿಮ್ಮಪ್ಪ ಮೊದಲೇ ಯಾರಿಗಾದ್ರೂ ಬರ್ಕೊಟ್ಟಿದ್ರೋ ಏನೋ. ಇಲ್ಲಾ ನಿಮ್ಮಣ್ಣನೇ ಹಕ್ಕನ್ನ ಬೇರೆಯವರಿಗೆ ಬಿಟ್ಕೊಟ್ಟಿರಬಹುದು. ಹೋಗಿ ಮನೇಲಿ ಕೇಳು.'

ಅವಳ ಮುಖ ಇಷ್ಟಾಯಿತು. ಮೆಟ್ಟಿಲು ಇಳಿದು ಹೋದಳು. ಆ ಮಾತನ್ನು ನಾನು ಯಾಕೆ ಆಡಿದೆ? ಅಂಥ ಸುದ್ದಿಗಳು ನಮ್ಮ ಕಡೆ ಊರೂರಲ್ಲೂ ಇದ್ದವು, ಅಣ್ಣ ತಂಗಿಗೆ ಮಾಡಿದ್ದು, ಚಿಕ್ಕಪ್ಪ ಮಕ್ಕಳಿಗೆ ಮಾಡಿದ್ದು. ಕಂಡು ಕೇಳರಿಯದ ಒಬ್ಬ ಮನುಷ್ಯನನ್ನು, ಸತ್ತುಹೋದ ಇನ್ನೊಬ್ಬನನ್ನು ಕಳ್ಳರು ಅಂದುಕೊಳ್ಳುವುದು ನನಗೆ ಸಲೀಸಾಯಿತು. ನಾನು ಬರೆದ ಒಂದು ಸಾಲಿನ ಮೇಲೆ ಅನುಮಾನಪಡುವುದು ಆಗಲಿಲ್ಲ.

ಅವಳು ಮನೆಯಲ್ಲಿ ಕೇಳಿದಳು. ಆಮೇಲೆ ಆದದ್ದನ್ನು ಬಸ್ಸಿನಲ್ಲಿ ಬೇರೆಯವರ ಬಾಯಿಂದ ಕೇಳಿದೆ. ಅಣ್ಣನಿಗೆ ಸಿಟ್ಟು ನೆತ್ತಿಗೇರಿತಂತೆ. ನಾಲ್ಕು ವರ್ಷ ಅನ್ನ ಹಾಕಿದವನಿಗೆ ಕಳ್ಳ ಅಂತೀಯಾ, ಸತ್ತ ಅಪ್ಪನ ಮೇಲೆ ಮಾತೆತ್ತುತೀಯಾ ಅಂತ ಬೀದಿಗೆ ಕೇಳುವಂತೆ ಕೂಗಾಡಿದನಂತೆ. ಅಂದಿನಿಂದ ಅವಳ ಜೊತೆ ಮಾತು ಬಿಟ್ಟ. ಅವಳೂ ನನಗೆ ಸೀಟು ಹಿಡಿಯುವುದನ್ನು ಬಿಟ್ಟಳು. ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂರುತ್ತಿದ್ದಳು. ನನಗೆ ಅದು ಅನ್ಯಾಯ ಅನಿಸುತ್ತಿತ್ತು, ನಾನೇನು ಮಾಡಿದೆ ಅಂತ.

ಎಂಟು ತಿಂಗಳ ಮೇಲೆ ಎರಡನೇ ಕಂತಿನ ಕಾರ್ಡುಗಳು ಹೋದವು. ಅದೇ ವಾರ ಒಬ್ಬ ವಯಸ್ಸಾದ ರೈತರು ಟವೆಲ್ಲಿನಲ್ಲಿ ಕಾರ್ಡು ಸುತ್ತಿಕೊಂಡು ಸೆಂಟರಿಗೆ ಬಂದರು. ಬಾವಿ ಮನೆಯವರು.

'ಅವ್ವ, ನಮ್ ಹೈದ ಕೆಲ್ಸಕ್ಕೆ ಸೇರ್ಕಂಡು ಎಂಟ್ ತಿಂಗ್ಳಾತು. ಈಗ್ ನೋಡು, ಇನ್ನೊಂದ್ ಕಾರ್ಡು ಬಂದ್ಬುಟ್ಟೈತೆ. ಮನೆಗೊಂದೇ ಅಂದಿದ್ರಲ್ಲ? ಬೇರೆ ಯಾರ್ದೋ ನಮ್ಗೆ ಬಂದಿದ್ರೆ ಪಾಪ ಅಲ್ವಾ, ಒಸಿ ನೋಡು.'

ಕಾರ್ಡಿನ ಮೇಲೆ ನೂರಹನ್ನೆರಡು. ಅವರ ಗೋಡೆಯ ಮೇಲೂ ಅದೇ. ಪಟ್ಟಿ ತೆಗೆದು ನೋಡಿದೆ. ನೂರಹನ್ನೆರಡು ಎರಡು ಸಾಲಿನಲ್ಲಿತ್ತು. ಎರಡಕ್ಕೂ ಒಂದೇ ಹೆಸರು, ಊರ ದೇವರ ಹೆಸರು. ಒಂದು ಮೊದಲನೇ ಕಂತು, ಇನ್ನೊಂದು ಎರಡನೆಯದು. ಒಂದು ಮನೆಗೆ ಎರಡು ಸಾಲು ಹೇಗೆ ಬಂತು? ವಿಚಾರಿಸಿ ಹೇಳುತ್ತೇನೆ ಅಂತ ಅವರನ್ನು ಕಳಿಸಿದೆ.

ಕಾರ್ಡುಗಳನ್ನು ಹರಡಿಕೊಂಡೆ, ಪಟ್ಟಿಯನ್ನು ಅಚ್ಚು ಹಾಕಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ, ಗುತ್ತಿಗೆಯವರ ಹಾಳೆಯಲ್ಲೇ ಒಂದು ನಂಬರು ಎರಡು ಸಲ ಬಂದಿರಬಹುದು ಅಂತ ಆಸೆಯಿಂದ ಹುಡುಕಿದೆ. ಹೌದು, ಆಸೆಯಿಂದಲೇ. ತಪ್ಪು ಅವರದಾಗಿರಲಿ ಅಂತ ದೇವರಿಗೆ ಹರಕೆ ಹೊರುವುದೊಂದು ಬಾಕಿ. ಹಾಳೆ ಸರಿಯಾಗಿತ್ತು. ಕಾಮಾಗಳೂ ಸರಿಯಾಗಿದ್ದವು. ಎಡಗಡೆ ಎಷ್ಟು ನಂಬರೋ ಬಲಗಡೆ ಅಷ್ಟೇ. ಸಾಹೇಬರು ನನ್ನ ಹಿಂದೆ ಬಂದು ನಿಂತರು.

'ಎಳೆ ಎಲ್ಲಿ ತುಂಡಾಯ್ತು ಅಂತ ಸುತ್ತಿಟ್ಟ ನೂಲಿನ ಲಡಿ ನೋಡಿದ್ರೆ ಗೊತ್ತಾಗಲ್ಲಮ್ಮ. ಒಂದೊಂದು ಬೇಸಿನ್ ಹತ್ರಾನೂ ನಿಂತು ನೋಡಬೇಕು.'

ಹಾಗೆಯೇ ಮಾಡಿದೆ. ಎಲ್ಲ ಜೋಡಿಗಳನ್ನೂ ಒಟ್ಟಿಗೆ ಕೊಡದೆ ಒಂದೊಂದೇ ಜೋಡಿ ಕೊಟ್ಟು, ಪ್ರತಿ ಸಲವೂ ಪಟ್ಟಿ ಹೇಗಾಯಿತು ಅಂತ ತೆರೆಯ ಮೇಲೆ ತೋರಿಸುವಂತೆ ಬರೆದೆ. ಹುಣಸೇಮರದ ಮನೆಯ ಹಳೆಯ ನಂಬರು ಅರವತ್ತೊಂದು. ಅದರ ಸರದಿ ಬಂದಾಗ ಅದು ಎಂಬತ್ತನಾಲ್ಕಾಯಿತು. ಸರಿಯಾಗಿಯೇ ಆಯಿತು. ಇಪ್ಪತ್ತುಮೂರು ಜೋಡಿಗಳ ತನಕ ಹಾಗೆಯೇ ಇತ್ತು. ಆಮೇಲೆ ಹಳೆಯ ಎಂಬತ್ತನಾಲ್ಕರ ಸರದಿ ಬಂತು. ಅದು ಬಾವಿ ಮನೆಯದು, ಅದಕ್ಕೆ ಹೊಸ ನಂಬರು ನೂರಹನ್ನೆರಡು. ಪ್ರೋಗ್ರಾಮು ಎಂಬತ್ತನಾಲ್ಕು ಕಂಡಲ್ಲೆಲ್ಲ ನೂರಹನ್ನೆರಡು ಮಾಡಿತು. ಬಾವಿ ಮನೆಯ ಎಂಬತ್ತನಾಲ್ಕನ್ನೂ ಮಾಡಿತು, ಆಗಷ್ಟೇ ಎಂಬತ್ತನಾಲ್ಕಾಗಿದ್ದ ಅಕ್ಕನ ಮನೆಯನ್ನೂ ಮಾಡಿತು. ಹಳೆಯ ನೂರಹನ್ನೆರಡರ ಸರದಿ ಮೊದಲೇ ಮುಗಿದಿದ್ದರಿಂದ ಅಲ್ಲಿಗೇ ನಿಂತಿತು. ಬಿಡದಿಗೆ ಟಿಕೇಟು ತೆಗೆದು ಬಿಡದಿಯಲ್ಲಿ ಇಳಿದವಳನ್ನು, ಬಿಡದಿಯಲ್ಲಿ ನಿಂತವರನ್ನೆಲ್ಲ ಹತ್ತಿಸಿಕೊಳ್ಳುವ ಮುಂದಿನ ಬಸ್ಸು ಬೆಂಗಳೂರಿಗೆ ಎಳೆದುಕೊಂಡು ಹೋದ ಹಾಗೆ. ಅವಳು ತನ್ನ ಊರು ಮುಟ್ಟಿಯಾಗಿತ್ತು ಅನ್ನುವುದು ಎರಡನೇ ಬಸ್ಸಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿರಲಿಲ್ಲ.

ಮೊದಲ ಕಂತಿನ ಕಾರ್ಡು ಅಕ್ಕನ ಮನೆಯದು. ಅದು ನೂರಹನ್ನೆರಡು ಅಂತ ಹೊತ್ತುಕೊಂಡು ಬಾವಿ ಮನೆಗೆ ಹೋಗಿತ್ತು. ಹೆಸರು ಅವರದೇ, ಗೋಡೆಯ ನಂಬರು ಅವರದೇ, ಅವರು ಮಗನನ್ನು ಕಳಿಸಿದರು. ಹೆಸರಿನ ಮುಂದೆ 'ಹುಣಸೇಮರದ ಮನೆ' ಅಂತ ಎರಡು ಮಾತು ಇದ್ದಿದ್ದರೆ ಆ ಮುದುಕರು ಅಂದೇ ಬೀದಿ ದಾಟಿ ಕಾರ್ಡನ್ನು ಕೊಟ್ಟು ಬರುತ್ತಿದ್ದರು. ಎಂಟು ತಿಂಗಳ ಮೇಲೆ ಬಸ್ಸು ಹತ್ತಿ ರಾಮನಗರದವರೆಗೆ ಬಂದ ಮನುಷ್ಯ ಅವರು.

ಸರಿಮಾಡುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಹೇಳಲು ನಾಚಿಕೆಯಾಗುತ್ತದೆ. ಅದೇ ಜೆರಾಕ್ಸ್ ನೋಟ್ಸಿನಲ್ಲಿ, ಮುಂದಿನ ಹಾಳೆಯಲ್ಲಿ, ಬೇರೊಂದು ಫಂಕ್ಷನ್ ಇತ್ತು. ಒಮ್ಮೆ ಬದಲಾಯಿಸಿದ್ದನ್ನು ಇದು ಮತ್ತೆ ಮುಟ್ಟುವುದಿಲ್ಲ ಅಂತ ಅಲ್ಲೇ ಬರೆದಿತ್ತು. ಪರೀಕ್ಷೆಗೆ ಬರುವುದಿಲ್ಲ ಅಂತ ನಾನು ಆ ಹಾಳೆ ಓದಿರಲಿಲ್ಲ. ಒಂದು ಪದ ಅಳಿಸಿ ಇನ್ನೊಂದು ಪದ ಹಾಕಿದೆ. ಎಂಬತ್ತನಾಲ್ಕು ಒತ್ತಿದರೆ ಅಕ್ಕನ ಅಪ್ಪನ ಹೆಸರು ತೆರೆಯ ಮೇಲೆ ಬಂತು. ನನ್ನ ಜೀವನದಲ್ಲಿ ನಾನು ಸರಿಮಾಡಿದ ಯಾವ ತಪ್ಪೂ ನನಗೆ ಅಷ್ಟು ಅಸಹ್ಯ ಹುಟ್ಟಿಸಿಲ್ಲ.

ಇದೇ ರೀತಿ ಎರಡೆರಡು ಸಲ ಬದಲಾದ ಮನೆಗಳು ಇನ್ನೂ ಆರಿದ್ದವು. ಅವೆಲ್ಲ ಎರಡನೇ ಕಂತಿನವು, ಆ ವಾರವೇ ಹೊಸ ಕಾರ್ಡು ಹೋಗಿ ಸರಿಯಾಯಿತು. ಅಕ್ಕನದೊಂದು ಉಳಿಯಿತು. ಸಾಹೇಬರು ಅಂಗಡಿ ಮುಚ್ಚಿ ನನ್ನ ಜೊತೆ ಗುತ್ತಿಗೆಯವರ ಆಫೀಸಿಗೆ ಬಂದರು. ತಪ್ಪು ನಮ್ಮದು ಅಂತ ಕೈಮುಗಿದು ಹೇಳಿದರು. ಅಲ್ಲಿಯ ಮ್ಯಾನೇಜರು ಕೆಟ್ಟವನೇನಲ್ಲ. ಪೂರ್ತಿ ಕೇಳಿಸಿಕೊಂಡು, ಅಕ್ಕನ ಅಣ್ಣ ಕೇಳಲು ಬಂದಾಗ ಕೊಟ್ಟುಹೋಗಿದ್ದ ಅವಳ ದಾಖಲೆಗಳ ಫೈಲು ತರಿಸಿ ನೋಡಿದ.

'ಹುಟ್ಟಿದ ತಾರೀಕು ನೋಡಿ. ಹೋದ ತಿಂಗಳಿಗೇ ಇಪ್ಪತ್ತೆಂಟು ದಾಟಿದೆ. ಈಗ ನಾನು ಇದನ್ನ ಮೇಲಕ್ಕೆ ಕಳಿಸಿದ್ರೆ ಆ ಹುಡುಗ ಆಚೆ ಬರ್ತಾನೆ, ಈಯಮ್ಮ ಒಳಗೆ ಬರಲ್ಲ. ಕಳಿಸಲಾ?'

ನಾವು ಕಳಿಸಿ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಸಾಹೇಬರು, ಅವಳಿಗೆ ನಾನು ಹೇಳ್ತೀನಿ ಬಿಡು ಅಂದರು. ಬೇಡ, ನಾನೇ ಹೇಳುತ್ತೇನೆ ಅಂದೆ. ಅವಳು ಆಗಲೇ ಹತ್ತು ದಿನದಿಂದ ಶೆಡ್ಡಿಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಊರಿನಲ್ಲಿ ಇಳಿದೆ. ಹುಣಸೇಮರದ ಮನೆ ಎಲ್ಲಿ ಅಂದರೆ ಮೊದಲು ಸಿಕ್ಕವರೇ ಕೈ ತೋರಿಸಿದರು. ಜಗಲಿಯ ಮೇಲೆ ಒಬ್ಬ ಗಂಡಸು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ. ಅವನ ಪಕ್ಕದಲ್ಲಿ ಅಕ್ಕನ ಅಣ್ಣ ನಗುನಗುತ್ತ ಏನೋ ಹೇಳುತ್ತಿದ್ದ. ಆ ಗಂಡಸು ಯಾರು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣನೇ ಹೇಳಿಕಳಿಸಿ ಕನಕಪುರದಿಂದ ಕರೆಸಿದ್ದ.

ಅಕ್ಕ ಹಿತ್ತಲಲ್ಲಿ ಕಲ್ಲಿನ ಮೇಲೆ ತನ್ನ ಸೀರೆಗಳನ್ನು ಒಗೆಯುತ್ತಿದ್ದಳು. ನನ್ನನ್ನು ನೋಡಿ, 'ನೀನಾ?' ಅಂದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅರವತ್ತೊಂದು, ಎಂಬತ್ತನಾಲ್ಕು, ನೂರಹನ್ನೆರಡು, ಬಾವಿ ಮನೆ, ನಾನು ಅಳಿಸಿದ ಅಡ್ಡಹೆಸರು, ವಯಸ್ಸು, ಒಂದನ್ನೂ ಬಿಡಲಿಲ್ಲ. ಹೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆನೋ ಏನೋ. ಅವಳು ಕೈಯಲ್ಲಿದ್ದ ಸೀರೆಯನ್ನು ಹಿಂಡುತ್ತಲೇ ಇದ್ದಳು. ಎಡಗೈ ತಿರುಗದೆ ನೀರು ಪೂರ್ತಿ ಇಳಿಯುತ್ತಿರಲಿಲ್ಲ.

'ಅಂಗಾದ್ರೆ ನಮ್ಮಣ್ಣ ಏನೂ ಮಾಡಿರ್ನಿಲ್ಲ?'

'ಇಲ್ಲಕ್ಕ.'

'ನಮ್ಮಪ್ಪಾನೂ?'

'ಇಲ್ಲ.'

ನಾನು ಸೀರೆಯ ಇನ್ನೊಂದು ತುದಿ ಹಿಡಿಯಲು ಕೈ ಚಾಚಿದೆ. ಬೇಡ ಅಂತ ಎಳೆದುಕೊಂಡಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

'ಯಾಕ್ ಹೇಳಕ್ ಬಂದೆ?' ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. 'ಹಣೇಲಿ ಬರ್ದಿದ್ದು ಅಂದ್ಕಂಡು ಒಪ್ಕಂಡಿದ್ದೆ ಕಣೆ. ಅಂಗಂದ್ಕಂಡ್ರೆ ಹೋಗಕ್ಕೆ ಕಾಲ್ ಬತ್ತಿತ್ತು. ಈಗ ಅದ್ನೂ ಕಿತ್ಕಂಡ್ಬುಟ್ಟೆ.'

ಜಗಲಿಯ ಕಡೆಯಿಂದ, ಬಸ್ಸಿಗೆ ಹೊತ್ತಾಯ್ತು ಅಂತ ಗಂಡಸಿನ ದನಿ ಕರೆಯಿತು. ಅವಳು ಬಂದೆ ಅಂದಳು. ಒಣಗಿಸಲು ಹೊತ್ತಿರಲಿಲ್ಲ, ಒದ್ದೆ ಸೀರೆಗಳನ್ನು ಒಂದೊಂದಾಗಿ ಹಾಗೆಯೇ ಮಡಚಿ ಚೀಲಕ್ಕೆ ತುಂಬಿಕೊಂಡಳು.